ಕರವಸ್ತ್ರ ಹಾಸಿದ ಕುರ್ಚಿ

ಚಿನ್ನೂ, ಗುಂಡಾ, ನಿಮ್ಮ ಅಜ್ಜನನ್ನು ನೀವು ನೋಡಿಲ್ಲ. ಈ ಮನೆಯಲ್ಲಿ ಅವರ ಫೋಟೊಗಳಿವೆ, ಆದರೆ ಅವರು ಕೈಕಾಲು ಆಡಿಸುವ ಚಿತ್ರ ಒಂದೂ ಇಲ್ಲ ಎಂದೇ ತಿಳಿದಿದ್ದೆ. ಹೋದ ವಾರ ನೀವು ಶಾಲೆಗೆ ಹೋದಾಗ ಆದದ್ದನ್ನು ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ.

ಪಾರಿವಾಳ ಬೆದರಲಿ ಎಂದು ಮನೆಯ ಹೊರಗಿನ ಗ್ಯಾಲರಿಯಲ್ಲಿ ಹಳೆಯ ಡಿಸ್ಕುಗಳಿಗೆ ದಾರ ಕಟ್ಟಿ ತೂಗುಬಿಟ್ಟಿದ್ದೆನಲ್ಲ, ಅಲ್ಲಿಗೆ ಬಲೆಯ ಜಾಳಿಗೆ ಹಾಕುವವನು ಬರುತ್ತಾನೆಂದು ನಿಮ್ಮ ಅವ್ವ ಅವನ್ನು ಬಿಚ್ಚುತ್ತಿದ್ದಳು. ಒಂದನ್ನು ಒರೆಸಿ ನೋಡಿ ನನ್ನನ್ನು ಕರೆದಳು. ಅದರ ಮೇಲೆ ವಾದ್ಯ ಹಿಡಿದ ನರೆಗೂದಲಿನ ಗಂಡಸರ ಚಿತ್ರವಿತ್ತು.

“ಅವ್ವಾ, ಈ ಡ್ರಮ್ಮಿನವರು ಅಪ್ಪನ ದೋಸ್ತ ಅಲ್ಲೇನು? ಫ್ಯಾಕ್ಟರಿಯಾಗ ಜೋಡಿ ಇದ್ದವರು?”

“ಹೌದಲ್ಲ. ಚಾ ಕುಡಿಯೂ ಮುಂದ ತಲಿ ಸುದ್ದಾ ಎತ್ತತಿರಲಿಲ್ಲ ಅವರು.”

“ಇಂಥಾ ಡಿವಿಡಿ ಪಾರಿವಾಳಕ್ಕ ತೋರಸೀದಿ ನೋಡು.”

ಫ್ಯಾಕ್ಟರಿಯಿದ್ದ ಖಡಕಿಯ ಆ ಗೆಳೆಯರ ಬ್ಯಾಂಡು ಕಾಲೇಜು ದಿನಗಳಿಂದ ಇತ್ತು. ಎಲ್ಲರೂ ರಿಟಾಯರ್ ಆದಮೇಲೆ ಒಂದು ದೊಡ್ಡ ಕಾರ್ಯಕ್ರಮ ಮಾಡಿ ವಿಡಿಯೊ ತೆಗೆಸಿದ್ದರು. ಅದರ ಒಂದು ಡಿಸ್ಕು ನಮ್ಮ ಮನೆಗೂ ಬಂದಿತ್ತು, ನಾನು ಹಾಕಿ ನೋಡಿರಲಿಲ್ಲ. ಆ ದಿನ ನಿಮ್ಮ ಅಜ್ಜ ಇಸ್ತ್ರಿ ಅಂಗಿ ತೊಟ್ಟು, “ಬರ್ತೀಯೇನು?” ಎಂದು ಕೇಳಿದ್ದರು.

“ಇಂಗ್ಲಿಷ್ ಹಾಡು ನನಗೇನ್ ತಿಳಿತದ? ಮಂದಿ ನಗ್ತಾರ. ನೀವ ಹೋಗಿಬರ್ರಿ” ಅಂದೆ.

ಅವರು ಇನ್ನೊಮ್ಮೆ ಕೇಳಲಿಲ್ಲ. ಬಾಯಿಮಾತಿಗೆ ಕೇಳಿದರು, ಹಳ್ಳಿ ಶಾಲೆಯಲ್ಲಿ ಓದಿದ ಹೆಂಡತಿ ಬರದಿದ್ದದ್ದೇ ಅವರಿಗೂ ನಿರಾಳವಾಯಿತು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ.

ನಿಮ್ಮ ಅವ್ವ ಡಿಸ್ಕು ಹಾಕಿದಳು. ನಾನು ಮೆಂತ್ಯ ಸೊಪ್ಪು ಬಿಡಿಸುತ್ತ ಕುಳಿತೆ. ಒಂದು ಹಾಡು ಮುಗಿಯುವಷ್ಟರಲ್ಲಿ ಒಂದು ಸಿವುಡು ಪೂರ್ತಿ ಬಿಡಿಸಿಯಾಗಿತ್ತು.

“ಪ್ರೋಗ್ರೆಸಿವ್ ರಾಕ್ ಅಂತಾರ ಇದಕ್ಕ. ಹಾಡು ಹಿಂಗ ಉದ್ದ ಇರ್ತಾವ.”

“ನಮ್ಮೂರ ಭಜನಿನೂ ಹಿಂಗ. ಆದರ ನಡುವ ಚಾ ಕೊಡ್ತಿದ್ದರು.”

ತಲೆ ಎತ್ತದ ಆ ಮನುಷ್ಯ ಮೈಮರೆತು ಡ್ರಮ್ಮು ಬಾರಿಸುತ್ತಿದ್ದರು. ಇವರೇ ಅವರೇನು ಎಂದು ನಾನು ಬಾಯಿ ತೆರೆದು ನೋಡುತ್ತಿರುವಾಗಲೇ ಕ್ಯಾಮೆರಾ ಜನರ ಕಡೆ ತಿರುಗಿತು. ಎರಡನೇ ಸಾಲಿನಲ್ಲಿ ನಿಮ್ಮ ಅಜ್ಜ ಕುಳಿತಿದ್ದರು.

ಸೊಪ್ಪು ಕೆಳಗಿಟ್ಟೆ. ಅವರು ಕತ್ತು ಆಡಿಸುತ್ತಿದ್ದರು, ಕಣ್ಣು ಮಿಟುಕಿಸುತ್ತಿದ್ದರು. ಪಕ್ಕದ ಕುರ್ಚಿ ಖಾಲಿ ಇತ್ತು. ಅದರ ಮೇಲೆ ನೀಲಿ ಅಂಚಿನ ಕರವಸ್ತ್ರ ಹಾಸಿತ್ತು, ನಾನೇ ಒಗೆದು ಮಡಿಚಿ ಕೊಟ್ಟದ್ದು. ಸಾಸವಡ ಊರಿಗೆ ಹೋಗುವ ಬಸ್ಸು ಬಂದಾಗಲೂ ಅವರು ಹೀಗೆಯೇ ಕಿಟಕಿಯಿಂದ ಕೈಹಾಕಿ ಸೀಟಿನ ಮೇಲೆ ಕರವಸ್ತ್ರ ಎಸೆದು, ಆಮೇಲೆ ನನ್ನನ್ನು ಹತ್ತಿಸುತ್ತಿದ್ದರು. ತಡವಾಗಿ ಬಂದವರೊಬ್ಬರು ಆ ಕುರ್ಚಿಯ ಕಡೆ ಬಗ್ಗಿ ಏನೋ ಕೇಳಿದರು. ನಿಮ್ಮ ಅಜ್ಜ ಕರವಸ್ತ್ರದ ಮೇಲೆ ಅಂಗೈ ಊರಿ, ಯಾರೋ ಬರುವವರಿದ್ದಾರೆ ಎಂಬಂತೆ ಬಾಗಿಲ ಕಡೆ ತೋರಿಸಿದರು. ಬಂದವರು ಹೋದಮೇಲೆ ತಾವೂ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದರು.

“ಯಾರಿಗೆ ಹಿಡದಾರ ಅವ್ವಾ ಆ ಸೀಟು?” ಎಂದು ನಿಮ್ಮ ಅವ್ವ ಕೇಳಿದಳು.

ಬರುವುದಿಲ್ಲ ಎಂದು ನಾನು ಹೇಳಿದ ಮೇಲೂ ಅವರು ನನಗಾಗಿ ಸೀಟು ಹಿಡಿದಿದ್ದರು. ಮನೆಗೆ ಬಂದು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

“ಇನ್ನೊಮ್ಮೆ ಹಾಕು” ಅಂದೆ.

ಚಿತ್ರ ಚೌಕ ಚೌಕವಾಗಿ ಒಡೆಯಿತು. ಒಂದೇ ಸ್ವರ ಗಿರಗಿರನೆ ಸುತ್ತಿ ನಿಂತಿತು. ಬಿಸಿಲಿಗೆ ಸುಟ್ಟ ಡಿಸ್ಕು ಮತ್ತೆ ಎಷ್ಟು ಸಲ ಹಾಕಿದರೂ ನಡೆಯಲಿಲ್ಲ. ರಿಪೇರಿ ಅಂಗಡಿಯವನು ಕೈಯಲ್ಲಿ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಆ ಗೆಳೆಯರೂ ಈಗಿಲ್ಲ, ಅವರ ಮನೆಯಲ್ಲಿ ಇನ್ನೊಂದು ಪ್ರತಿ ಸಿಗಲಿಲ್ಲ.

ಆ ಕುರ್ಚಿ, ಆ ಅಂಗೈ, ಬಾಗಿಲ ಕಡೆ ತಿರುಗಿದ ಆ ಮುಖ ಇನ್ನು ಈ ಬರಹದಲ್ಲಷ್ಟೇ ಉಳಿದಿವೆ. ಮಕ್ಕಳೇ, ಈ ಹಾಳೆಗಳನ್ನು ಬಿಸಿಲು ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.