ಎಲ್ಸಿಯ ಮನೆಯ ಹಿರಿಯರ ಎಲೆ

ನಮ್ಮ ಎಲ್ಸಿ ಯಲ್ಲಾಪುರದ ಸಿದ್ದಿ. ಹಿಂದೆ ಪೋರ್ಚುಗೀಸರು ಆಫ್ರಿಕಾದಿಂದ ಹಿಡಿದು ತಂದು ಗೋವೆಯಲ್ಲಿ ಮಾರಿದ ಗುಲಾಮರಲ್ಲಿ ಕೆಲವರು ತಪ್ಪಿಸಿಕೊಂಡು ನಮ್ಮ ಕಾಡು ಸೇರಿದರಲ್ಲ, ಅವರ ಪೀಳಿಗೆ. ದುಬೈಯಲ್ಲಿ ನಾವಿಬ್ಬರೂ ಒಂದೇ ಆಸ್ಪತ್ರೆಯ ನರ್ಸುಗಳು. ಟ್ಯಾಕ್ಸಿಯವರು "ನೈಜೀರಿಯಾ?" ಎಂದು ಕೇಳಿದರೆ ಅವಳು "ಯಲ್ಲಾಪುರ!" ಎಂದು ದಬಾಯಿಸುತ್ತಾಳೆ. ಆಗ ಅವರ ಮುಖ ನೋಡುವುದೇ ನನಗೊಂದು ಹಬ್ಬ.

ಡಿಸೆಂಬರ್ ಎರಡು ಇಲ್ಲಿ ರಾಷ್ಟ್ರೀಯ ದಿನ, ಎಲ್ಲರಿಗೂ ರಜೆ. ಲೋಕವೆಲ್ಲ ಗುಲಾಮಗಿರಿಯ ನಿರ್ಮೂಲನೆಯನ್ನು ನೆನೆಯುವುದೂ ಅದೇ ದಿನ ಎಂದು ಎಲ್ಲೋ ಓದಿದ ಎಲ್ಸಿ, ಪ್ರತಿವರ್ಷ ಸಿಲಿಕಾನ್ ಓಯಸಿಸ್‌ನ ತನ್ನ ಫ್ಲ್ಯಾಟಿಗೆ ಕನ್ನಡದ ಮಕ್ಕಳನ್ನೆಲ್ಲ ಕರೆದು ತನ್ನವರ ಕಥೆ ಹೇಳತೊಡಗಿದಳು. ಆಮೇಲೆ ಊಟ. ಊಟಕ್ಕೆ ಮೊದಲು, ಅವರ ಮನೆಯ ಪದ್ಧತಿಯಂತೆ, ಹಿರಿಯರಿಗೊಂದು ಎಲೆ. ತೀರಿಕೊಂಡವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಉಣ್ಣಲು ಕರೆಯಬೇಕು. ಊರಿನಲ್ಲಿದ್ದ ಎಲ್ಸಿಯ ತಾಯಿ ನಾತಾಲಿನಮ್ಮ ವಿಡಿಯೊ ಕಾಲ್‌ನಲ್ಲಿ ಕರೆಯುತ್ತಿದ್ದಳು. ಮುದುಕಿ ಬಡಬಡನೆ ಹೆಸರು ಹೇಳುತ್ತ ಹೋದರೆ, ಫೋನು ಹಿಡಿದ ಎಲ್ಸಿಯ ಕಿವಿಯೆಲ್ಲ ಕುಕ್ಕರಿನ ಸೀಟಿಯ ಮೇಲೆ.

ಎಲ್ಸಿಯ ಮಗಳು ಡೆಬೊರಾ ಮಾತ್ರ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಹದಿನಾಲ್ಕರ ಹುಡುಗಿ, ಶಾಲೆಯಲ್ಲಿ ತಾನು ಕೆನ್ಯಾದವಳೆಂದು ಹೇಳಿಕೊಂಡಿದ್ದಳು. ಹೋದ ವರ್ಷ ಮಕ್ಕಳೆದುರೇ, "ಸ್ಟಾಪ್ ಇಟ್ ಮಮ್ಮಿ, ಗುಲಾಮರ ಮಕ್ಕಳು ಅಂತ ನಾವೇ ಯಾಕೆ ಡಂಗುರ ಹೊಡೀಬೇಕು?" ಎಂದಳು. ಕೆನ್ನೆಗೆರಡು ಬಿಗಿಯಬೇಕು ಅನ್ನಿಸಿತು ನನಗೆ. ಎಲ್ಸಿ ಅಡುಗೆಮನೆಯಲ್ಲಿ ನನ್ನ ಮುಂದೆ ನಿಂತು ಅತ್ತಳು.

"ನಂಗೆ ಬೇರೆ ಎಂತದೂ ಬ್ಯಾಡ ಮಾರ್ಟಿನಾಬಾಯಿ. ಒಂದು ಸಲ ಇವಳು ಹಿರಿಯರನ್ನ ಕರೆದ್ರೆ ಸಾಕು."

ಈ ಮಳೆಗಾಲದಲ್ಲಿ ನಾತಾಲಿನಮ್ಮ ತೀರಿಕೊಂಡಳು. ಎಲ್ಸಿ ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಡಿಸೆಂಬರ್ ಬಂತು. ಎಲೆ ಹಾಕಿ ಬಡಿಸಿದ್ದಾಯಿತು. ಹೆತ್ತ ತಾಯಿಯನ್ನು ಸತ್ತವರ ಸಾಲಿನಲ್ಲಿ ಕರೆಯಲು ಎಲ್ಸಿಗೆ ಬಾಯಿಯೇ ಬರಲಿಲ್ಲ. ಮಕ್ಕಳು ಪಿಳಿಪಿಳಿ ನೋಡುತ್ತ ಕೂತಿದ್ದರು. ಆಗ ಕೋಣೆಯ ಬಾಗಿಲು ತೆರೆದು ಡೆಬೊರಾ ಬಂದಳು. ಎಲೆಯ ಮುಂದೆ ಮಂಡಿಯೂರಿದಳು.

"ನಾತಾಲಿನಜ್ಜಿ, ಊಟಕ್ಕೆ ಬಾ" ಎಂದವಳಿಗೆ ಅಳು ತಡೆಯಲಾಗಲಿಲ್ಲ. ಮೂಗೊರೆಸಿಕೊಂಡು, "ಅಜ್ಜಿಯ ಅಮ್ಮ ಸಾಂತಾನಜ್ಜಿ, ನೀನೂ ಬಾ" ಎಂದಳು. ಮತ್ತೆ ತಾಯಿಯತ್ತ ತಿರುಗಿದಳು. "ಆಮೇಲೆ ಯಾರು, ಮಮ್ಮಿ? ಟೆಲ್ ಮಿ. ಎಲ್ಲರನ್ನೂ ಕರೀತೇನೆ."

ಎಲ್ಸಿ ನನ್ನ ಮುಖ ನೋಡಿದಳು. ನನಗೇನು ಗೊತ್ತು? ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳನ್ನು ಮಗಳು ಆಗಷ್ಟೇ ಎಲೆಗೆ ಕರೆದಿದ್ದಳು.