ಒಕ್ಕೂಟಕ್ಕೆ ದುಡ್ಡು ಬೇಡ ಅಂದವನು ಹಳೇಬೀಡಿಗೆ ಹೋಗಿ ಬಂದದ್ದು

ಹನ್ನೊಂದು ಜನ "ಕೊಡೋಣ" ಅಂದರು. ನಾನೊಬ್ಬನೇ "ಬೇಡ" ಅಂದೆ.

ಅರಸೀಕೆರೆಯಲ್ಲಿ ಪ್ರತಿ ಭಾನುವಾರ ಸಂಜೆ ಒಂದು ಟ್ಯೂಷನ್ ರೂಮಿನಲ್ಲಿ ಕುಡಿತ ಬಿಟ್ಟವರು ನಾವೊಂದಿಷ್ಟು ಜನ ಸೇರುತ್ತೇವೆ. ನಾನು ಬಿಟ್ಟು ನಾಲ್ಕು ವರ್ಷವಾಯಿತು, ಇಲ್ಲಿ ನನ್ನ ಪೋಸ್ಟ್ ಓದುವ ಫ್ರೆಂಡ್ಸಿಗೆಲ್ಲ ಅದು ಗೊತ್ತು. ಗುಂಪಿನವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ.

ವಿಷಯ ಇಷ್ಟೇ. ನಮ್ಮಂಥ ಗುಂಪುಗಳೆಲ್ಲ ಸೇರಿ ಜಿಲ್ಲೆಗೊಂದು ಒಕ್ಕೂಟ ಇದೆ. ಒಂದು ಬಾಡಿಗೆ ರೂಮು, ಸಹಾಯ ಕೇಳುವವರಿಗೆ ಅಂತ ಒಂದು ಫೋನ್. ಊರೂರಿನ ಗುಂಪುಗಳು ತಿಂಗಳಿಗಿಷ್ಟು ಅಂತ ಕಳಿಸದಿದ್ದರೆ ಆ ಫೋನ್ ನಿಲ್ಲಿಸಬೇಕಾಗುತ್ತದೆ ಅಂತ ಪತ್ರ ಬಂದಿತ್ತು. ಹೊರಗಿನವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದು ಅನ್ನುವುದು ನಮ್ಮ ನಿಯಮ. ಹಾಗಾಗಿ ಕೊಟ್ಟರೆ ನಾವೇ ಕೊಡಬೇಕು.

ನಾವು ತೀರ್ಮಾನ ಮಾಡುವ ರೀತಿ ಸ್ವಲ್ಪ ವಿಚಿತ್ರ.

ಎಲ್ಲರಿಗಿಂತ ಹೊಸಬರು ಮೊದಲು ಮಾತಾಡಬೇಕು, ಹಳಬರು ಕೊನೆಗೆ. ಕೈ ಎತ್ತಿಸಿ ಎಣಿಸುವುದಿಲ್ಲ. ಒಬ್ಬರು ಬೇಡ ಅಂದರೂ ವಿಷಯ ಒಂದು ವಾರ ಮುಂದಕ್ಕೆ ಹೋಗುತ್ತದೆ, ಆ ವಾರದಲ್ಲಿ ಬೇಡ ಅಂದವರೇ ಓಡಾಡಿ ವಿಚಾರಿಸಿಕೊಂಡು ಬರಬೇಕು. ಬಾಯಿಗೆ ಬಂದ ಹಾಗೆ ಬೇಡ ಅನ್ನಬಾರದು ಅಂತಲೇ ಮಾಡಿದ ಪದ್ಧತಿ ಇರಬೇಕು...

ನನ್ನ ವಾದ ಹೀಗಿತ್ತು. ಮೇಲೊಂದು ಆಫೀಸ್ ಅಂತ ಆದರೆ ಕುರ್ಚಿ ಬರುತ್ತದೆ. ಕುರ್ಚಿ ಬಂದರೆ ಅಧ್ಯಕ್ಷರು ಬರುತ್ತಾರೆ, ಆಮೇಲೆ ಶಾಲು, ಹಾರ, ಫೋಟೊ. ಚಾಪೆ ಮೇಲೆ ಕೂತು ಕುಡಿತ ಬಿಟ್ಟ ನಮಗೆ ಊರ ಉಸಾಬರಿ ಯಾಕೆ?

"ನಂಗಂತೂ ಯಾವ ಒಕ್ಕೂಟಾನೂ ಸಹಾಯ ಮಾಡಿಲ್ಲ ಕಣ್ರೀ. ಫ್ಯಾನ್ ರಿಪೇರಿಗೆ ಅಂತ ಬಂದೆ, ಇಲ್ಲೇ ಉಳ್ಕೊಂಡೆ," ಅಂದೆ.

ಅದು ಸುಳ್ಳಲ್ಲ. ಮೋಟಾರ್ ರಿವೈಂಡಿಂಗ್ ನನ್ನ ಕಸುಬು. ನಾಲ್ಕು ವರ್ಷದ ಹಿಂದೆ ಹಳೇಬೀಡಿನಿಂದ ನಮ್ಮಕ್ಕ ಫೋನ್ ಮಾಡಿ, ಅರಸೀಕೆರೆಯಲ್ಲಿ ಇಂಥ ಕಡೆ ಫ್ಯಾನ್ ಕೆಟ್ಟಿದೆಯಂತೆ, ನೋಡಿಕೊಡು ಅಂದಿದ್ದಳು. ಟೂಲ್ ಬ್ಯಾಗ್ ಹಿಡಿದು ಹೋದೆ. ಒಂದು ವೈರ್ ಬಿಟ್ಟುಕೊಂಡಿತ್ತು, ಎರಡು ನಿಮಿಷದ ಕೆಲಸ.

ಕಾಫಿ ಕೊಟ್ಟರು. ಕೂತೆ. ಯಾರೋ ತಮ್ಮ ಕಥೆ ಹೇಳಲು ಶುರು ಮಾಡಿದರು, ಕೇಳಿದರೆ ನನ್ನದೇ ಕಥೆ... ಏಳಲಿಲ್ಲ.

ಯಾರ ಹಂಗೂ ಇಲ್ಲದೆ ನಾನಾಗಿಯೇ ಬಂದು ಕುಡಿತ ಬಿಟ್ಟವನು ಅನ್ನುವುದು ನನಗೆ ದೊಡ್ಡ ಹೆಮ್ಮೆ. ಹೋದಲ್ಲೆಲ್ಲ ಹೇಳುತ್ತಿದ್ದೆ.

ನಮ್ಮಲ್ಲಿ ಎಲ್ಲರಿಗಿಂತ ಹಳಬರು ಒಬ್ಬ ರಿಟೈರ್ಡ್ ಮೇಷ್ಟ್ರು. ಅವರ ಸರದಿ ಬಂದಾಗ ನನ್ನ ಜೊತೆ ವಾದಕ್ಕೇ ಇಳಿಯಲಿಲ್ಲ.

"ಫ್ಯಾನ್ ಕೆಟ್ಟೈತೆ ಅಂತ ನಿಮ್ಮಕ್ಕನಿಗೆ ಯಾರು ಹೇಳಿದ್ರು? ಈ ವಾರ ಅದೊಂದು ವಿಚಾರಿಸ್ಕೊಂಡು ಬನ್ನಿ," ಅಂದರು ಅಷ್ಟೇ.

ಯಾರು ಯಾರ ಮೂಲಕ ಬಂದರು ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಗೊತ್ತಿದ್ದವರು ಹೇಳುವುದೂ ಇಲ್ಲ. ಮೇಷ್ಟ್ರು ಮಾತ್ರ ನನ್ನ ತಲೆಗೆ ಹುಳ ಬಿಟ್ಟಿದ್ದರು. ಹೌದಲ್ಲ... ಅರಸೀಕೆರೆಯ ಫ್ಯಾನ್ ಕೆಟ್ಟದ್ದು ಹಳೇಬೀಡಿನಲ್ಲಿರುವ ಅಕ್ಕನಿಗೆ ಹೇಗೆ ಗೊತ್ತಾಯಿತು?

ಬುಧವಾರ ಅಂಗಡಿ ಬಾಗಿಲು ಹಾಕಿ, ಬಾಣಾವರದ ಮೇಲೆ ಹೋಗುವ ಬಸ್ ಹತ್ತಿದೆ.

ಅಕ್ಕ ಹಳೇಬೀಡಿನ ಬಸ್ ಸ್ಟ್ಯಾಂಡ್ ಹತ್ತಿರ ತಿಂಡಿ ಹೋಟೆಲ್ ನಡೆಸುತ್ತಾಳೆ. ಮಧ್ಯಾಹ್ನದ ಗಿರಾಕಿ ಮುಗಿದು ಕಾಯಿ ತುರಿಯುತ್ತ ಕೂತಿದ್ದಳು. ಕೇಳಿದೆ.

"ಈಗ್ಯಾಕೋ ಅದೆಲ್ಲ?" ಅಂದಳು. ನಾನು ಬಿಡಲಿಲ್ಲ.

"ಆಸ್ಪತ್ರೆ ಗ್ವಾಡೆ ಮ್ಯಾಲೆ ನಿಮ್ಮ ಒಕ್ಕೂಟದ್ದು ಒಂದು ನಂಬರ್ ಇತ್ತು, ಮಾಡ್ದೆ. ಒಬ್ಬ ಹೆಂಗಸು ಎತ್ತಿದ್ರು. ಬರೀ ಅತ್ತೆ ಕಣೋ, ಮಾತೇ ಬರ್ಲಿಲ್ಲ. ಮಾರನೇ ದಿನಾನೂ ಹಂಗೇಯ. ಮೂರನೇ ದಿನ ಅವಮ್ಮ ಕೇಳಿದ್ರು, ನಿಮ್ಮ ತಮ್ಮ ಏನಂದ್ರೆ ಎದ್ದು ಬತ್ತಾರೆ ಅಂತ."

"ನೀನೇನಂದೆ?"

"ಬುದ್ಧಿ ಹೇಳಿದ್ರೆ ಬರಲ್ಲ ಅಂದೆ. ಮಾಲೇಕಲ್ಲು ಬೆಟ್ಟ ಹತ್ತಿಸಿ ದ್ಯಾವ್ರ ಮುಂದೆ ಆಣೆ ಮಾಡಿಸಿದ್ದೂ ಆಯ್ತು ಅಂದೆ. ಏನಾರ ಕೆಟ್ಟೋಗೈತೆ ಅಂದ್ರೆ ಮಾತ್ರ, ಎಷ್ಟೇ ಕುಡ್ದಿದ್ರೂ ಎದ್ದು ಹೋಯ್ತಾನೆ ಅಂದೆ."

ಉಳಿದದ್ದನ್ನೂ ಅಕ್ಕನೇ ಹೇಳಿದಳು. ಆ ಹೆಂಗಸು ನಮ್ಮ ಮೇಷ್ಟ್ರಿಗೆ ಫೋನ್ ಮಾಡಿದ್ದಾರೆ. ಮೇಷ್ಟ್ರು ಸ್ಟೂಲ್ ಹತ್ತಿ, ಚೆನ್ನಾಗಿ ತಿರುಗುತ್ತಿದ್ದ ಫ್ಯಾನಿನ ವೈರ್ ಕಿತ್ತಿದ್ದಾರೆ. ಆಮೇಲೆ ಅಕ್ಕನಿಗೆ ಅಡ್ರೆಸ್ ಹೇಳಿದ್ದಾರೆ.

ಮೊದಲು ನಗು ಬಂತು. ಆಮೇಲೆ ತುಂಬ ನಾಚಿಕೆಯಾಯಿತು. ದುಡ್ಡು ಕೊಡಬೇಡಿ ಅಂತ ನಾನು ಹಟ ಹಿಡಿದದ್ದು ಅದೇ ಫೋನಿಗೆ.

"ನಾಲ್ಕು ವರ್ಷ ಯಾಕೆ ಹೇಳ್ಲಿಲ್ಲ?"

"ನಾನೇ ಬಿಟ್ಟೆ, ನಾನೇ ಬಿಟ್ಟೆ ಅಂತ ನೀನು ಹೇಳ್ಕಂಡು ತಿರುಗ್ತಿದ್ದೆ. ಹೇಳ್ಕಳ್ಲಿ ಬಿಡು, ಕುಡಿಯೋದು ಬಿಟ್ಟವ್ನೆ, ಅಷ್ಟು ಸಾಕು ಅಂತ ಸುಮ್ಕಾದೆ."

ವಾಪಸ್ ಬಸ್ ಬರುವ ಹೊತ್ತಾಗಿತ್ತು. ಏಳುವಾಗ ಕೇಳಬಾರದ್ದನ್ನು ಕೇಳಿದೆ. ಆವತ್ತು ಆ ಹೆಂಗಸು ಫೋನ್ ಎತ್ತದಿದ್ದರೆ ನೀನು ಏನು ಮಾಡುತ್ತಿದ್ದೆ ಅಂತ.

ಅಕ್ಕ ತುರಿದ ಕಾಯಿಯನ್ನು ಪಾತ್ರೆಗೆ ಹಾಕಿ ಮುಚ್ಚಿದಳು.

"ನಿನ್ನ ಕೈ ಬಿಟ್ಬಿಡ್ತಿದ್ದೆ ಕಣೋ. ಅದೊಂದು ಫೋನ್ ಮಾಡಿ ನೋಡದು, ಇಲ್ಲಾಂದ್ರೆ ನಂಗೆ ತಮ್ಮ ಇಲ್ಲ ಅಂದ್ಕಂಡೇ ಮಾಡಿದ್ದು."

ಬಸ್ಸಿನಲ್ಲಿ ಜಾವಗಲ್ ದಾಟುವವರೆಗೂ ನನಗೆ ಬೇರೇನೂ ಕೇಳಿಸಲಿಲ್ಲ. ನಾನು ಉಳಿದದ್ದು ನನ್ನ ಗಟ್ಟಿತನದಿಂದ ಅಂದುಕೊಂಡಿದ್ದೆ.

ಈ ಭಾನುವಾರ ಮತ್ತೆ ಕೂತೆವು. ಅಕ್ಕ ಹೇಳಿದ್ದನ್ನೆಲ್ಲ ಹೇಳಿ, "ಕೊಡೋಣ" ಅಂದೆ. ಶಾಲು, ಹಾರದ ಭಯ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೇ ಪ್ರತಿ ವರ್ಷ ಈ ವಿಷಯವನ್ನು ಮತ್ತೆ ಚರ್ಚೆಗೆ ಇಡಬೇಕು ಅಂತಲೂ ಕೇಳಿಕೊಂಡೆ. ಎಲ್ಲರೂ ಒಪ್ಪಿದರು. ಮೇಷ್ಟ್ರು ಕಿಟಕಿ ಕಡೆ ನೋಡುತ್ತ ಕೂತಿದ್ದರು.

ನಿಮ್ಮಷ್ಟಕ್ಕೆ ನೀವೇ ಎದ್ದು ನಿಂತ ದಿನ ಅಂತ ಒಂದು ಇರುತ್ತದಲ್ಲ, ಆವತ್ತು ನಿಮಗಾಗಿ ಯಾರು ಯಾರ ಹತ್ತಿರ ಅತ್ತಿದ್ದರು ಅಂತ ಮನೆಯಲ್ಲಿ ಯಾವತ್ತಾದರೂ ಕೇಳಿದ್ದೀರಾ?