ಚಾಕಿ ಮನೆಯ ಬಾಗಿಲು

ನಂಜನಗೂಡಿನಲ್ಲಿ ನನ್ನದು ಫ್ರಿಜ್, ಎ.ಸಿ. ರಿಪೇರಿ ಅಂಗಡಿ. ಮೆಕ್ಯಾನಿಕ್ ಮಾದೇವನನ್ನು ಯಾವ ಕೆಲಸಕ್ಕೂ ಒಬ್ಬನನ್ನೇ ಕಳಿಸಿದವನಲ್ಲ ನಾನು. ಆ ಬೇಸಿಗೆಯಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಟಿ. ನರಸೀಪುರದ ಪಕ್ಕದ ಒಂದು ಚಾಕಿ ಮನೆಗೆ ಕಳಿಸಿದೆ. ರೇಷ್ಮೆಯ ಎಳೆ ಹುಳುಗಳನ್ನು ಸಾಕುವ ಮನೆ ಅದು. ಎ.ಸಿ. ಕೆಟ್ಟಿತ್ತು; ಬೇಗ ತಂಪಾಗದಿದ್ದರೆ ಹುಳುಗಳು ಉಳಿಯುತ್ತಿರಲಿಲ್ಲ.

ಅವನು ಹೋದದ್ದೇ ತಡ, ನನಗೆ ಸಂಕಟ ಶುರುವಾಯಿತು. ವೈರು ಅದಲುಬದಲು ಮಾಡಿಬಿಟ್ಟರೆ? ಗ್ಯಾಸು ಜಾಸ್ತಿ ತುಂಬಿಬಿಟ್ಟರೆ? ಸಿಗರೇಟಿನ ಮೇಲೆ ಸಿಗರೇಟು ಸೇದಿ, ಕೊನೆಗೆ ಷಟರ್ ಎಳೆದು ನಾನೂ ಬಸ್ಸು ಹತ್ತಿದೆ.

ಚಾಕಿ ಮನೆಯ ಯಜಮಾನಿ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ಒಳಗೆ ರಿಪೇರಿ ಮಾಡ್ತಾ ಇದಾನಲ್ಲ, ನಾನು ಅವನ ಓನರು," ಎಂದೆ.

ಅವರು ಒಮ್ಮೆ ಮೂಸಿದರು. "ಸಿಗರೇಟ್ ವಾಸ್ನೆ ಒಡೀತದೆ. ಒಗೆಸೊಪ್ಪಿನ ಗಾಳಿ ಸೋಕುದ್ರೂ ಉಳ ಬದುಕಕ್ಕಿಲ್ಲ ಕಣ್ರೀ. ಅಲ್ಲೇ ನಿಂತ್ಕಳಿ."

ಕಿಟಕಿಯ ಹತ್ತಿರ ಹೋಗಿ, "ಮಾದೇವ, ಕೆಪಾಸಿಟರ್ ನೋಡ್ದಾ?" ಎಂದು ಕೂಗಿದೆ. ಅವನು ಉತ್ತರ ಕೊಡುವ ಮೊದಲೇ ಆಕೆ ಕಿಟಕಿ ಮುಚ್ಚಿದರು.

ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತು ಕಿವಿಗೊಟ್ಟೆ. ಮಿಷನ್ ಗುರ್ರೆಂದಿತು, ನಿಂತಿತು. ನಾನು ಎದ್ದು ನಿಂತೆ. ಮತ್ತೆ ಗುರ್ರೆಂದಿತು. ಈ ಸಲ ನಿಲ್ಲಲಿಲ್ಲ.

ಮಾದೇವ ಹೊರಗೆ ಬಂದವನು ನನ್ನನ್ನು ಕಂಡು, "ಯಾಕ್ ಸಾ ಬಂದ್ರಿ?" ಅಂದ.

"ಈ ಕಡೆ ಬೇರೆ ಕೆಲಸ ಇತ್ತು," ಅಂದೆ. ಬಸ್ ಸ್ಟಾಪಿನವರೆಗೂ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ. "ಸ್ಕ್ರೂ ಎಲ್ಲಾ ಬಿಗಿ ಮಾಡಿದೀಯಾ?"

"ಒಳೆ ಇಲ್ಲೇ ಅದೆ ಸಾ. ಒಂದ್ಸಲ ಮುಳುಗೆದ್ದು ವಾಸ್ನೆ ಕಳ್ಕಂಡು, ಓಗಿ ನೋಡ್ಕ ಬನ್ನಿ."

ನಿಜ ಹೇಳಬೇಕೆಂದರೆ, ನಾನು ಹೊಳೆಯ ಕಡೆ ನೋಡಿದೆ.